ಕೆರೆಗಳ ನಕ್ಷೆಯನ್ನು ಫೈಲ್ ಕಳಿಸದೆ ಹಂಚಿಕೊಳ್ಳುವುದು ಹೇಗೆ

ಕೋಲಾರ ಜಿಲ್ಲೆಯ ಕೆರೆಗಳನ್ನು ಕಂಪ್ಯೂಟರ್ ನಕ್ಷೆಯಲ್ಲಿ ಗುರುತು ಮಾಡಿದ ಮೇಲೆ ಶೇಪ್‌ಫೈಲನ್ನು (ನಕ್ಷೆಯ ಡೇಟಾ ಇಡುವ ಒಂದು ಹಳೆಯ ಫೈಲ್ ಮಾದರಿ) ಜಿಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ಒಂದು ಕೆರೆಯ ಕೋಡಿ ತಪ್ಪು ಜಾಗದಲ್ಲಿತ್ತು, ಸರಿ ಮಾಡಿದೆ. ಆರು ತಿಂಗಳಾದರೂ ಹಳೆಯ ಫೈಲೇ ಕೈಯಿಂದ ಕೈಗೆ ಓಡಾಡುತ್ತಿತ್ತು. ಆಗಲೇ ಡಬ್ಲ್ಯೂಎಂಎಸ್ ಕಡೆ ಬಂದೆ, ಅಂದರೆ ನಕ್ಷೆಯನ್ನು ಇಂಟರ್ನೆಟ್ ಮೂಲಕ ಚಿತ್ರವಾಗಿ ಒದಗಿಸುವ ವೆಬ್ ಮ್ಯಾಪ್ ಸರ್ವಿಸ್. ಇದರಲ್ಲಿ ಡೇಟಾ ನಮ್ಮ ಸರ್ವರ್‌ನಲ್ಲೇ ಉಳಿಯುತ್ತದೆ. ನೋಡುವವರು ಯಾವ ಭಾಗ ಕೇಳುತ್ತಾರೋ ಅದರ ಚಿತ್ರ ಮಾತ್ರ ಹೋಗುತ್ತದೆ. ನಾವು ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ.

ನಾನು ಬಳಸುವುದು ನಕ್ಷೆ ಮಾಡುವ ಕ್ಯೂಜಿಐಎಸ್ ಮತ್ತು ಅದನ್ನು ಸರ್ವರ್‌ನಿಂದ ಹಂಚುವ ಜಿಯೋಸರ್ವರ್ ಎಂಬ ತಂತ್ರಾಂಶಗಳು. ಎರಡೂ ಉಚಿತ.

ಮೊದಲು ಕ್ಯೂಜಿಐಎಸ್‌ನಲ್ಲಿ ಲೇಯರನ್ನು (ಕೆರೆಗಳಿರುವ ನಕ್ಷೆಯ ಪದರ) ಜಿಯೋಪ್ಯಾಕೇಜ್ ಎಂಬ ಫೈಲ್ ಮಾದರಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ. ಶೇಪ್‌ಫೈಲ್ ಬೇಡ ಅನ್ನುವುದಕ್ಕೆ ಕಾರಣ ಕನ್ನಡ. ಶೇಪ್‌ಫೈಲ್ ಸ್ಟೋರ್‌ನಲ್ಲಿ (ಸ್ಟೋರ್ ಅಂದರೆ ಡೇಟಾ ಎಲ್ಲಿದೆ ಅಂತ ಜಿಯೋಸರ್ವರ್‌ಗೆ ತೋರಿಸುವ ಕೊಂಡಿ) ಜಿಯೋಸರ್ವರ್ ತಾನಾಗಿಯೇ ಐಎಸ್ಒ 8859-1 ಅಂತ, ಅಂದರೆ ಕನ್ನಡ ಇಲ್ಲದ ಸಂಕೇತ ಪಟ್ಟಿಯ ಪ್ರಕಾರ, ಅಕ್ಷರಗಳನ್ನು ಓದುತ್ತದೆ. ನನ್ನ ಮೊದಲ ನಕ್ಷೆಯಲ್ಲಿ 'ಕೆರೆ' ಇರಬೇಕಾದ ಕಡೆಯೆಲ್ಲ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ'ಗಳ ಸಾಲು ಬಂದಿತ್ತು. ಶೇಪ್‌ಫೈಲೇ ಬೇಕಿದ್ದರೆ ಸ್ಟೋರ್ ಸೆಟ್ಟಿಂಗ್‌ನಲ್ಲಿ ಕನ್ನಡವೂ ಇರುವ ಯುಟಿಎಫ್-8 ಆರಿಸಿ. ಜಿಯೋಪ್ಯಾಕೇಜ್‌ನಲ್ಲಿ ಈ ತಾಪತ್ರಯವೇ ಇಲ್ಲ.

ಎಕ್ಸ್‌ಪೋರ್ಟ್ ಮಾಡುವಾಗ ಸಿಆರ್‌ಎಸ್ (ಜಾಗವನ್ನು ಅಂಕಿಯಲ್ಲಿ ಹೇಳುವ ಪದ್ಧತಿ) ಇಪಿಎಸ್‌ಜಿ 4326 ಇರಲಿ, ಅಂದರೆ ಅಕ್ಷಾಂಶ-ರೇಖಾಂಶ. ಮೀಟರ್ ಲೆಕ್ಕದ ಯುಟಿಎಂ ಪದ್ಧತಿ ಭೂಮಿಯನ್ನು ವಲಯಗಳಾಗಿ ಹಂಚುತ್ತದೆ, ಅದರ ಒಂದು ಗಡಿಯಾದ 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯ ನಡುವೆಯೇ ಹಾದುಹೋಗುತ್ತದೆ. ಮಾಲೂರು ಯುಟಿಎಂ 43ನೇ ವಲಯದಲ್ಲಿದೆ, ಕೋಲಾರ ಪಟ್ಟಣ 44ರಲ್ಲಿ. ಎರಡು ವಲಯ ಬೆರೆಸಿಕೊಂಡು ಒದ್ದಾಡುವುದಕ್ಕಿಂತ ಇದು ವಾಸಿ ಅಲ್ವಾ?

ಜಿಯೋಸರ್ವರ್‌ನಲ್ಲಿ ವರ್ಕ್‌ಸ್ಪೇಸ್ (ನಮ್ಮ ಲೇಯರುಗಳನ್ನು ಒಟ್ಟಿಗೆ ಇಡುವ ಗುಂಪು) ಮಾಡಿ, ಅದರೊಳಗೆ ಜಿಯೋಪ್ಯಾಕೇಜ್ ಸ್ಟೋರ್ ಸೇರಿಸಿ, ಲೇಯರ್ ಪಬ್ಲಿಷ್ ಮಾಡಿ. ಬೌಂಡಿಂಗ್ ಬಾಕ್ಸ್ (ನಕ್ಷೆಯ ನಾಲ್ಕು ಕಡೆಯ ಎಲ್ಲೆ) ಹತ್ತಿರ 'ಕಂಪ್ಯೂಟ್ ಫ್ರಮ್ ಡೇಟಾ' ಒತ್ತಿ, ಅದರ ಕೆಳಗಿನ 'ಕಂಪ್ಯೂಟ್ ಫ್ರಮ್ ನೇಟಿವ್ ಬೌಂಡ್ಸ್' ಕೂಡ ಒತ್ತಿ. ಆಮೇಲೆ ಲೇಯರ್ ಪ್ರಿವ್ಯೂ ನೋಡಿ. ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬಂದರೆ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ಹೆಸರನ್ನು ಬರೆಯುವುದು ಸರ್ವರ್, ನೋಡುವವರ ಕಂಪ್ಯೂಟರ್ ಅಲ್ಲ. ನೋಟೋ ಸಾನ್ಸ್ ಕನ್ನಡವನ್ನು ಅಲ್ಲಿ ಹಾಕಿ, ನಕ್ಷೆಯ ಬಣ್ಣ, ಅಕ್ಷರ ಹೇಗಿರಬೇಕು ಅಂತ ಹೇಳುವ ಸ್ಟೈಲ್‌ನಲ್ಲೂ ಅದೇ ಫಾಂಟ್ ಹೆಸರು ಕೊಡಿ.

ಹೊರಗೆ ತೆರೆಯುವ ಮುಂಚೆ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಮೊದಲೇ ಬಂದಿರುವ ಪಾಸ್‌ವರ್ಡ್ ಜಗತ್ತಿಗೇ ಗೊತ್ತು. ದಯವಿಟ್ಟು ಇದನ್ನು ನಾಳೆಗೆ ಇಡಬೇಡಿ.

ಇನ್ನು ವಿಳಾಸ ಹಂಚಿದರೆ ಆಯಿತು. ಪಡೆದವರು ಕ್ಯೂಜಿಐಎಸ್‌ನಲ್ಲಿ 'ಆ್ಯಡ್ ಡಬ್ಲ್ಯೂಎಂಎಸ್ ಲೇಯರ್'ಗೆ ಹೋಗಿ, 'ನ್ಯೂ' ಒತ್ತಿ ವಿಳಾಸ ಅಂಟಿಸಿ, ಕನೆಕ್ಟ್ ಒತ್ತಿ, ಬರುವ ಪಟ್ಟಿಯಲ್ಲಿ ಲೇಯರ್ ಆರಿಸಿ 'ಆ್ಯಡ್' ಒತ್ತಿದರೆ ಸಾಕು. ಕೆರೆಯ ಗಡಿಯನ್ನೇ ತೆಗೆದುಕೊಂಡು ಅಳತೆ ಮಾಡಬೇಕು ಅನ್ನುವವರಿಗೆ ಚಿತ್ರ ಸಾಲದು, ಅವರಿಗೆ ಅದೇ ಲೇಯರಿನ ಡಬ್ಲ್ಯೂಎಫ್‌ಎಸ್ (ಚಿತ್ರದ ಬದಲು ಡೇಟಾವನ್ನೇ ಕೊಡುವ ವೆಬ್ ಫೀಚರ್ ಸರ್ವಿಸ್) ವಿಳಾಸ ಕೊಡಿ. ಅದರಲ್ಲಿ ಬೇರೆಯವರಿಗೆ ತಿದ್ದುವ ಅನುಮತಿ ಇಲ್ಲ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.