ಕಡೆಗೂ ಪ್ರೋಟಿಯಸ್‌ನ ಬಾಲ ಕಂಡಿತು

"ಫ್ಲಾಜೆಲ್ಲಾ ತಾನೇ? ಪುಸ್ತಕದ ಚಿತ್ರ ತೋರಿಸಿ, ಸಾಕು." ಬ್ಯಾಕ್ಟೀರಿಯಾಗಳು ಈಜಲು ಬಳಸುವ ಆ ಬಾಲಗಳನ್ನು ಮೈಕ್ರೋಸ್ಕೋಪಿನಲ್ಲೇ ತೋರಿಸುತ್ತೇನೆ ಅಂದದ್ದಕ್ಕೆ ನಮ್ಮ ವಿಭಾಗದ ಹಿರಿಯರು ಹೀಗಂದು ನಕ್ಕು ಎರಡು ವರ್ಷ ಆಯಿತು. ಅವರ ಮಾತು ಪೂರ್ತಿ ಸುಳ್ಳಲ್ಲ. 20 ನ್ಯಾನೊಮೀಟರ್ ದಪ್ಪದ ಎಳೆ ನಮ್ಮ ಕಾಲೇಜಿನ ಆಯಿಲ್ ಲೆನ್ಸಿಗೆ ಎಲ್ಲಿ ಸಿಗಬೇಕು? ಟ್ಯಾನಿಕ್ ಆಸಿಡ್ ಮೆತ್ತಿ ದಪ್ಪ ಮಾಡಿದರೆ ಉಂಟು.

ಮೊದಲು ಬಣ್ಣ ಹಾಕುವ ಲೀಫ್ಸನ್ ವಿಧಾನ ಹಿಡಿದೆ. ನಲವತ್ತು ಸ್ಲೈಡಾದರೂ ಹಾಳಾಗಿರಬೇಕು. ತುಕ್ಕು ಬಣ್ಣದ ಪದರ ಕಟ್ಟಿದ ಗಳಿಗೆಗೇ ತೊಳೆಯಬೇಕು. ನಾನು ತೊಳೆಯುವಷ್ಟರಲ್ಲಿ ಸ್ಲೈಡ್ ತುಂಬ ಗಸಿ. ಆಮೇಲೆ ಸುಮಾರು ನಾಲ್ಕು ಸಾವಿರ ಕೊಟ್ಟು ಸಿದ್ಧ ಸ್ಟೇನ್ ತರಿಸಿದೆ. ಅದರಲ್ಲೂ ಏನೂ ಕಾಣಲಿಲ್ಲ. ಬಿಲ್ಲೂ ಪಾಸಾಗಲಿಲ್ಲ, ಮನೆಯಲ್ಲಿ ಬೈಸಿಕೊಂಡಿದ್ದೂ ಆಯಿತು.

ತಪ್ಪು ಬಣ್ಣದ್ದಲ್ಲ, ನನ್ನ ಕೈಯದು. ಬ್ಯಾಕ್ಟೀರಿಯಾ ಎತ್ತುವ ತಂತಿ ಲೂಪಿನಿಂದ ಗಸಗಸ ಉಜ್ಜುತ್ತಿದ್ದೆ, ಸಾಲದ್ದಕ್ಕೆ ವೋರ್ಟೆಕ್ಸ್ ಯಂತ್ರದಲ್ಲಿ ಕುಲುಕುವುದು ಬೇರೆ. ಬಾಲವೆಲ್ಲ ಕಿತ್ತು ಹೋಗಿ ಬೋಳು ಕಡ್ಡಿಗಳನ್ನು ನೋಡುತ್ತಾ ಕೂತಿದ್ದೆ! ಈಗ ಬ್ಯಾಕ್ಟೀರಿಯಾ ಬೆಳೆದ ಓರೆ ಅಗರ್, ಅಂದರೆ ಸ್ಲ್ಯಾಂಟಿನ ಮೇಲೆ ಮೆಲ್ಲಗೆ ಒಂದೆರಡು ಎಂಎಲ್ ಡಿಸ್ಟಿಲ್ಡ್ ವಾಟರ್ ಬಿಟ್ಟು ಇಪ್ಪತ್ತು ನಿಮಿಷ ಮುಟ್ಟುವುದಿಲ್ಲ. ಈಜುವಂಥವು ತಾವೇ ನೀರಿಗಿಳಿಯುತ್ತವೆ. ಕಲ್ಚರನ್ನೂ 37 ಡಿಗ್ರಿಯಲ್ಲಿ ಇಡದೆ ಮೇಜಿನ ಮೇಲೇ ಬೆಳೆಸುತ್ತೇನೆ.

ಬಣ್ಣಕ್ಕೆ ರ್ಯೂ ಸ್ಟೇನ್. ಫಿನಾಲ್, ಟ್ಯಾನಿಕ್ ಆಸಿಡ್, ಕ್ರಿಸ್ಟಲ್ ವೈಲೆಟ್ ಲ್ಯಾಬಿನಲ್ಲೇ ಇತ್ತು. ಪಟಿಕ ಮಾತ್ರ ಇರಲಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಒಂದು ಗಡ್ಡೆ ತಂದೆ. ಬಣ್ಣ ಹಿಡಿಸುವ ಮಾರ್ಡಂಟ್ (ಫಿನಾಲ್, ಟ್ಯಾನಿಕ್ ಆಸಿಡ್, ಪಟಿಕ) ಹತ್ತು ಪಾಲಿಗೆ ಬಣ್ಣ (ಕ್ರಿಸ್ಟಲ್ ವೈಲೆಟ್) ಒಂದು ಪಾಲು. ಬ್ಯಾಕ್ಟೀರಿಯಾ ಇರುವ ನೀರನ್ನು ಒಣಗಿಸದೆ ಹಾಗೇ ಮುಚ್ಚಿ (ವೆಟ್ ಮೌಂಟ್) ಕವರ್ ಸ್ಲಿಪ್ಪಿನ ಅಂಚಿಗೆ ಈ ಬಣ್ಣದ ಒಂದು ಹನಿ, ಹತ್ತು ನಿಮಿಷ ಕಾಯುವುದು, ಬಣ್ಣ ನುಗ್ಗಿದ ಗಡಿಯಲ್ಲೇ ಹುಡುಕುವುದು. ಸ್ಲೈಡ್ ತೊಳೆಯುವುದರಲ್ಲಿ ಇನ್ನೊಂದು ಮರ್ಮ ಇದೆ. ಅದು ನನ್ನ ವಿದ್ಯಾರ್ಥಿಗಳಿಗೆ ಮಾತ್ರ, ಬೇಜಾರು ಮಾಡ್ಕೋಬೇಡಿ.

ನಡುವೆ ಒಂದು ದಿನ ಬೇಸರವಾಗಿ ಕೆರೆಯ ಹಸಿರು ಕೆನೆ ತಂದಿದ್ದೆ, ಮೈಕ್ರೋಸಿಸ್ಟಿಸ್ ಎಂಬ ತೇಲುವ ಬ್ಯಾಕ್ಟೀರಿಯಾ. ಬಾಟಲಿಗೆ ಕಂಠಮಟ್ಟ ತುಂಬಿ, ಬಿರಡೆ ಹಾಕಿ, ಅದರ ಮೇಲೆ ಸುತ್ತಿಗೆಯಿಂದ ಒಂದೇಟು. ಜರ್ಮನಿಯ ಸಸ್ಯವಿಜ್ಞಾನಿ ಕ್ಲೆಬಾನ್ 1895ರಲ್ಲಿ ಮಾಡಿದ್ದೂ ಇದನ್ನೇ. ಅವನ್ನು ತೇಲಿಸುವ, ಗಾಳಿ ತುಂಬಿದ ಒಳಗಿನ ಗ್ಯಾಸ್ ವೆಸಿಕಲ್‌ಗಳು ಕುಸಿದು, ತೇಲುತ್ತಿದ್ದದ್ದೆಲ್ಲ ತಳ ಸೇರಿತು. ಮೊದಲ ಬಾಟಲಿ ಒಡೆದು ಅಂಗಿ ಹಾಳಾಯಿತು. ದಪ್ಪ ಗಾಜಿನದೇ ತಗೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ.

ಹೋದ ತಿಂಗಳು ಪ್ರೋಟಿಯಸ್ ವಲ್ಗ್ಯಾರಿಸ್‌ನ ಮೈತುಂಬ ಎಳೆಗಳು ಕಂಡವು. ಆ ಹಿರಿಯರನ್ನೇ ಮೊದಲು ಕರೆದು ಕೂರಿಸಿದೆ.

"ಬಣ್ಣದ ಕಸ ಅಲ್ವಾ ಇದು?" ಅಂದರು.

ಅದೇ ಬಣ್ಣ ಹಾಕಿದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಸ್ಲೈಡನ್ನು ಪಕ್ಕದಲ್ಲೇ ಇಟ್ಟಿದ್ದೆ. ಅದಕ್ಕೆ ಫ್ಲಾಜೆಲ್ಲಾ ಇಲ್ಲ. ಅದರಲ್ಲಿ ಒಂದೆಳೆಯೂ ಕಾಣದ್ದು ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ಪ್ರೋಟಿಯಸ್ ಕಡೆ ಬಗ್ಗಿದರು. ಬೆಲ್ ಹೊಡೆದರೂ ಏಳಲಿಲ್ಲ.

ಸ್ಯೂಡೊಮೊನಾಸ್‌ನ ಒಂಟಿ ಬಾಲ ಮಾತ್ರ ಹತ್ತು ಸಲಕ್ಕೆ ಮೂರು ಸಲ ಸಿಕ್ಕರೆ ಹೆಚ್ಚು. ಈ ವಾರ ಅದರ ಹಿಂದೆ ಬಿದ್ದಿದ್ದೇನೆ.