ಮೂಲೆಗೆ ಬಿದ್ದ ಹಾಡನ್ನು ಕುಣಿಸುವುದು ಹೇಗೆ?

ಮಂಗಳೂರು ಕಡೆಯ ಮೆಹಂದಿ ರಾತ್ರಿಗಳಲ್ಲಿ ಡಿಜೆ ಹಾಕುವ ಹಾಡುಗಳ ಪೈಕಿ ಒಂದೆರಡಾದರೂ ಬಿಡುಗಡೆಯಾದಾಗ ಯಾರ ಕಿವಿಗೂ ಬೀಳದವು. ಪದ ಹಳೆಯದು, ಧ್ವನಿ ಹಳೆಯದು. ಬದಲಾದದ್ದು ನಡೆ. ಇದೇ ರೀಮಿಕ್ಸ್.

ಇಂಗ್ಲೆಂಡಿನ ಕಾರ್ನರ್‌ಶಾಪ್ ತಂಡ ನಮ್ಮ ಆಶಾ ಭೋಸ್ಲೆಯನ್ನು ನೆನೆದು ಮಾಡಿದ ‘ಬ್ರಿಮ್‌ಫುಲ್ ಆಫ್ ಆಶಾ’ 1997ರಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯ 60ನೇ ಸ್ಥಾನಕ್ಕೇ ಸುಸ್ತಾಗಿತ್ತು. ಫ್ಯಾಟ್‌ಬಾಯ್ ಸ್ಲಿಮ್ ಎಂದೇ ಹೆಸರಾದ ನಾರ್ಮನ್ ಕುಕ್ ವೇಗ ಏರಿಸಿ, ಡ್ರಮ್ ತುಂಬಿದ. 1998ರ ಫೆಬ್ರುವರಿಯಲ್ಲಿ ಅದೇ ಹಾಡು ಒಂದನೇ ಸ್ಥಾನದಲ್ಲಿತ್ತು. ಸ್ಟುಡಿಯೊ ಇಲ್ಲ ಎನ್ನಬೇಡಿ. 2016ರ ‘ರೋಸಸ್’ ಹಾಡನ್ನು ರೀಮಿಕ್ಸ್ ಮಾಡಿ 2021ರಲ್ಲಿ ಗ್ರ್ಯಾಮಿ ಗೆದ್ದ ಇಮಾನ್‌ಬೆಕ್, ಕಝಾಕಿಸ್ತಾನದಲ್ಲಿ ರೈಲ್ವೆ ಕೆಲಸದಲ್ಲಿದ್ದ ಹುಡುಗ.

ಮೊದಲು ಹಾಡು ಆರಿಸಿ. ಕೇಳಿದ ಮೇಲೆ ಒಂದು ಸಾಲಾದರೂ ಬಾಯಲ್ಲಿ ಉಳಿಯಬೇಕು. ಉಳಿಯದಿದ್ದರೆ ಬಿಟ್ಟುಬಿಡಿ, ಬೀಟ್ ಅದನ್ನು ಬದುಕಿಸದು. ಹಳೆಯ ತುಳು, ಕೊಂಕಣಿ ಕ್ಯಾಸೆಟ್‌ಗಳಲ್ಲಿ ಇಂಥ ಸಾಲುಗಳು ಉದ್ದುದ್ದ ಕೀಬೋರ್ಡ್ ಪೀಠಿಕೆಯ ಹಿಂದೆ ಅಡಗಿರುತ್ತವೆ.

ಆಮೇಲೆ ಧ್ವನಿ ಬಿಡಿಸಿಕೊಳ್ಳಿ. ಡೀಜರ್ ಕಂಪನಿ 2019ರಲ್ಲಿ ಉಚಿತವಾಗಿ ಬಿಟ್ಟ ಸ್ಪ್ಲೀಟರ್‌ನಂಥ ತಂತ್ರಾಂಶ ಗಾಯನ, ಡ್ರಮ್, ಬೇಸ್‌ಗಳನ್ನು ಬೇರೆ ಮಾಡಿಕೊಡುತ್ತದೆ. ಕ್ಯಾಸೆಟ್‌ನ ‘ಸುಯ್’ ಸದ್ದು ಕೊಂಚ ಉಳಿದರೂ ಚಿಂತೆಯಿಲ್ಲ.

ಕಷ್ಟ ಇರುವುದು ವೇಗದಲ್ಲಿ. ಟೇಪ್ ಓಡಿಸಿದಂತೆ ಶೇ 6ರಷ್ಟು ಏರಿಸಿದರೆ ಶ್ರುತಿಯೂ ಒಂದು ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಕೀಲಿಗೆ, ಏರುತ್ತದೆ. ಭಾಗವತರ ಲೆಕ್ಕದಲ್ಲಿ ಬಿಳಿ ಒಂದರ ಹಾಡು ಕಪ್ಪು ಒಂದಕ್ಕೆ. ಎರಡು ಮನೆಯವರೆಗೆ ಹುರುಪು, ಅದರಾಚೆ ಗಾಯಕ ಗಿಳಿಯಾಗುತ್ತಾನೆ. ಶ್ರುತಿ ಹಾಗೇ ಇಟ್ಟು ವೇಗವನ್ನಷ್ಟೇ ಏರಿಸುವುದು ಉಚಿತ ತಂತ್ರಾಂಶ ಅಡಾಸಿಟಿಯಲ್ಲೂ ಆಗುತ್ತದೆ. ತಿಸ್ರ (ಮೂರರ ಎಣಿಕೆಯ) ನಡೆಯ ಹಾಡಿಗೆ ನಾಲ್ಕರ ಬೀಟ್ ಕೂರಿಸಿದರೆ ಮಾತ್ರ ಕುಣಿಯುವವರ ಕಾಲು ತೊಡರುತ್ತದೆ. ನಮ್ಮೂರಿನ ಇನ್ನೊಂದು ಚಾಳಿ, ಸಿಕ್ಕಿದ್ದಕ್ಕೆಲ್ಲ ಹುಲಿವೇಷದ ವಾದ್ಯ ತಾಸೆ ಸುರಿಯುವುದು. ತಾಸೆ ಕೇಳಿದರೆ ಅಷ್ಟಮಿಯಲ್ಲದ ದಿನವೂ ಕಾಲು ನಿಲ್ಲದು, ನಿಜ. ಆದರೆ ಆಗ ಜನ ಕುಣಿಯುವುದು ತಾಸೆಗೆ, ಹಾಡಿಗಲ್ಲ. ಪಲ್ಲವಿ ಬಂದಾಗ ತಾಸೆ ನಿಲ್ಲಿಸಿ, ಮುಗಿದೊಡನೆ ಬಿಡಿ.

ಜೋಡಣೆ ಸುಲಭ. ನಿಮಿಷಕ್ಕೆ 120 ಪೆಟ್ಟಾದರೆ, ನಾಲ್ಕು ಪೆಟ್ಟಿನ 8 ಆವರ್ತಕ್ಕೆ 16 ಸೆಕೆಂಡು. ಅಷ್ಟು ಹೊತ್ತು ಬರೀ ಬೀಟ್ ಇರಲಿ. ಡಿಜೆಗೆ ಹಿಂದಿನ ಹಾಡಿನಿಂದ ದಾಟಲು ಜಾಗ ಬೇಕು.

ಹೆಡ್‌ಫೋನ್ ನಂಬಬೇಡಿ. ಪರಿಚಯದ ಡಿಜೆ ಕೈಗೆ ಕೊಟ್ಟು, ನೀವು ಊಟದ ಕೌಂಟರ್ ಹತ್ತಿರ ನಿಲ್ಲಿ. ಕುಣಿಯುವ ಹುಡುಗರು ಏನು ಹಾಕಿದರೂ ಕುಣಿಯುತ್ತಾರೆ. ತಟ್ಟೆ ಹಿಡಿದ ದೊಡ್ಡಮ್ಮಂದಿರ ತುಟಿ ಪಲ್ಲವಿಗೆ ಆಡುತ್ತದೆಯೇ ನೋಡಿ.

ಯೂಟ್ಯೂಬ್ ಆಮೇಲಿನ ಮಾತು. ಮದುವೆ ಸಮಾರಂಭದಲ್ಲಿ ಹಾಡು ಹಾಕಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ರೀಮಿಕ್ಸ್ ಮಾಡಿ ಹಂಚುವುದಕ್ಕೆ ಅದು ಸಿಗದು. ಧ್ವನಿಮುದ್ರಣದ ಹಕ್ಕು 60 ವರ್ಷ. ಕ್ಯಾಸೆಟ್ ಕಂಪನಿ ಬಾಗಿಲು ಹಾಕಿದ್ದರೂ ಹಕ್ಕು ಯಾರದೋ ಕೈಯಲ್ಲಿರುತ್ತದೆ. ಹುಡುಕಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದಕ್ಕೂ ಕೇಳಬೇಕು. ಹಾಡಿದವರು ಕಾರ್ಕಳದಲ್ಲೋ ಕುಂದಾಪುರದಲ್ಲೋ ಇದ್ದರೆ ಮನೆಗೇ ಹೋಗಿ ಒಮ್ಮೆ ಕೇಳಿಸಿ ಬನ್ನಿ.