ಬಿ.ಎಸ್ಸಿ. ಫಿಸಿಕ್ಸ್: ಸೇರುವ ಮುಂಚೆ, ಸೇರಿದ ಮೇಲೆ

ಪಿಯುಸಿ ಮುಗಿಸಿ ಫಿಸಿಕ್ಸ್ ಓದ್ತೀನಿ ಅಂದರೆ ಮನೆಯಲ್ಲಿ ಮೊದಲು ಬರುವ ಮಾತು, "ಯಾಕೆ, ಇಂಜಿನಿಯರಿಂಗ್ ಸೀಟ್ ಸಿಗಲಿಲ್ವಾ?" ಅವರಿಗೆ ಆಮೇಲೆ ಉತ್ತರ ಕೊಡಿ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಒಂದು ಲೆಕ್ಕ ಬಗೆಹರಿಯದೆ ಎರಡು ದಿನ ತಲೆ ತಿಂದರೆ ಬೇಜಾರಾಗುತ್ತದೋ, ಹಠ ಬರುತ್ತದೋ? ಹಠ ಬರುವವರು ಧೈರ್ಯವಾಗಿ ಸೇರಿ.

ಜೊತೆಗೆ ಗಣಿತ ಇರಲೇಬೇಕು. ಕ್ಯಾಲ್ಕುಲಸ್, ವೆಕ್ಟರ್ ಗಟ್ಟಿಯಿಲ್ಲದಿದ್ದರೆ ಎಲೆಕ್ಟ್ರೋಮ್ಯಾಗ್ನೆಟಿಸಂ ಬಂದಾಗ ಕೈಕಾಲು ಆಡುವುದಿಲ್ಲ. ನೋಟ್ಸ್ ಓದಿದರೆ ಅರ್ಥವಾದ ಹಾಗೇ ಇರುತ್ತದೆ, ಪುಸ್ತಕ ಮುಚ್ಚಿಟ್ಟು ಬರೆಯಲು ಕೂತಾಗಲೇ ಗೊತ್ತಾಗೋದು.

ಲ್ಯಾಬಿನಲ್ಲಿ ಸುಮ್ನೆ ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ತುಂಬಿಸಬೇಡಿ. ಸಿಂಪಲ್ ಪೆಂಡ್ಯುಲಮ್ಮನ್ನೇ ನೋಡಿ. ಒಂದು ಮೀಟರ್ ದಾರಕ್ಕೆ ಒಂದು ಸಲ ಹೋಗಿಬರಲು ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡ್ ಕಡಿಮೆ ಬಂತು ಅಂದುಕೊಳ್ಳಿ. ಅದರಿಂದ g, ಅಂದರೆ ಗುರುತ್ವ ವೇಗೋತ್ಕರ್ಷ, ಲೆಕ್ಕ ಹಾಕಿದಾಗ ಒಂದೇ ಸುತ್ತು ಅಳೆದಿದ್ದರೆ 9.8 ಬರಬೇಕಾದ ಜಾಗದಲ್ಲಿ 12 ಬರುತ್ತದೆ. 20 ಸುತ್ತು ಅಳೆದು ಭಾಗಿಸಿದರೆ, ಅದೇ ತಪ್ಪಿದ್ದರೂ 9.9! ಉಪಕರಣ ಅದೇ, ಕೈಯೂ ಅದೇ, ಅಳೆದ ರೀತಿ ಮಾತ್ರ ಬೇರೆ. ಇದನ್ನು ಸ್ವಂತವಾಗಿ ಕಂಡುಕೊಂಡವರು ಜೀವನಪೂರ್ತಿ ಮರೆಯುವುದಿಲ್ಲ.

ಬೆಂಗಳೂರಿನಲ್ಲಿ ಓದುವವರಿಗೆ ಊರೇ ಒಂದು ದೊಡ್ಡ ಆಸ್ತಿ. ನೆಹರೂ ತಾರಾಲಯದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಅಂತಲೇ ರೀಪ್ ಅನ್ನುವ ತರಗತಿಗಳು ನಡೆಯುತ್ತಾ ಬಂದಿವೆ, ವಿಚಾರಿಸಿ. ಐಐಎಸ್‌ಸಿಯ ಓಪನ್ ಡೇ ತಪ್ಪಿಸಬೇಡಿ. ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಮೇಖ್ರಿ ಸರ್ಕಲ್ ಹತ್ತಿರ, ನಕ್ಷತ್ರ, ಆಕಾಶಕಾಯಗಳ ಅಧ್ಯಯನ ಮಾಡುವ ಭಾರತೀಯ ಖಭೌತ ಸಂಸ್ಥೆ (ಐಐಎ) ಕೋರಮಂಗಲದಲ್ಲಿ. ಬಸ್ಸಿನಲ್ಲೇ ಹೋಗಿ ಉಪನ್ಯಾಸ ಕೇಳಿಬರಬಹುದು. ಅರ್ಧ ಅರ್ಥವಾಗದಿದ್ದರೂ ಪರವಾಗಿಲ್ಲ, ಕೂತು ಕೇಳಿ. ಬೇಸಿಗೆ ರಜೆಗೆ ಭಾರತೀಯ ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ಗೂ ಅರ್ಜಿ ಹಾಕಿ.

ಮುಂದೇನು? ಎಂ.ಎಸ್ಸಿ., ಪಿಎಚ್.ಡಿ. ಮಾತ್ರ ಅಂದುಕೊಳ್ಳಬೇಡಿ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೋಗಿಗೆ ಯಾವ ಕೋನದಿಂದ ಎಷ್ಟು ರೇಡಿಯೇಷನ್ ಕೊಡಬೇಕು ಅಂತ ಲೆಕ್ಕ ಹಾಕುವವರು ಮೆಡಿಕಲ್ ಫಿಸಿಸಿಸ್ಟ್‌ಗಳು, ಅದಕ್ಕೆ ಬೇರೆ ಕೋರ್ಸ್ ಇದೆ. ಪೈಥಾನ್ ಚೆನ್ನಾಗಿ ಕಲಿತರೆ ಡೇಟಾ ಕೆಲಸಕ್ಕೂ ದಾರಿಯಿದೆ. ಬಿ.ಎಡ್. ಮಾಡಿ ಹೈಸ್ಕೂಲಿಗೆ ಹೋಗುವುದನ್ನು ಕೊನೆಯ ಆಯ್ಕೆ ಅಂತ ನೋಡಬೇಡಿ. ಫಿಸಿಕ್ಸ್ ಇಷ್ಟಪಟ್ಟು ಕಲಿಸುವ ಮೇಷ್ಟ್ರು ನಮ್ಮ ಮಕ್ಕಳಿಗೆ ತುಂಬಾ ಬೇಕು.

ಬಿ.ಎಸ್ಸಿ. ಆದಮೇಲೆ ಐಐಟಿ, ಐಐಎಸ್‌ಸಿ ಕಡೆ ಮನಸ್ಸಿದ್ದರೆ ಜ್ಯಾಮ್ (JAM) ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಆದರೆ ಅರ್ಜಿ ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತದೆ. ಕೊನೆಯ ವರ್ಷ ಶುರುವಾದ ವಾರದಲ್ಲೇ ದಿನಾಂಕ ನೋಡಿ ಬರೆದಿಟ್ಟುಕೊಳ್ಳಿ.